ಅಳಿವೆ ಊರಿನ ಲೆಕ್ಕ ಘಟ್ಟದ ಮೇಲೆ

ಚನ್ನಗಿರಿ ಕೋಟೆಯ ಬಗ್ಗೆ ಹುಡುಕುತ್ತಾ ಹೋದವನು ಹೊನ್ನಾವರದ ಅಳಿವೆಗೆ ಬಂದು ನಿಂತೆ. ಕೆಳದಿಯ ಚೆನ್ನಮ್ಮಾಜಿಯಿಂದಲೇ ಚನ್ನಗಿರಿಗೆ ಆ ಹೆಸರು ಬಂತು ಎನ್ನುವುದು ನಮ್ಮ ಸೀಮೆಯಲ್ಲಿ ರೂಢಿಯ ಮಾತು. ಆಕೆಯ ಕಾಲದಲ್ಲಿ, 1678ರಲ್ಲಿ, ಪೋರ್ಚುಗೀಸರೊಡನೆ ಒಪ್ಪಂದವಾಯಿತು. ಮಿರ್ಜಾನ್, ಚಂದಾವರ, ಕಲ್ಯಾಣಪುರಗಳ ಜೊತೆಗೆ ಹೊನ್ನಾವರದಲ್ಲೂ ಇಗರ್ಜಿ ಕಟ್ಟಿಕೊಳ್ಳಲು ಅವರಿಗೆ ಅಪ್ಪಣೆ ಸಿಕ್ಕಿತು. ಶರಾವತಿ ಸಮುದ್ರ ಸೇರುವಲ್ಲಿನ ಆ ಊರು ಆ ಶತಮಾನದಲ್ಲಿ ಎಷ್ಟು ದೊಡ್ಡದಿತ್ತು?

ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯ ಪತ್ರಗಳನ್ನು ತೆರೆದೆ. ಎಡ್ವರ್ಡ್ ಗ್ರೇ 1892ರಲ್ಲಿ ಹೊರತಂದ ಇಂಗ್ಲಿಷ್ ಆವೃತ್ತಿ ಅದು. 1623ರ ಅಕ್ಟೋಬರಿನಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಗೋವೆಯಿಂದ ಬಂದಿಳಿದ ಅವನ ಕಣ್ಣಿಗೆ ಅದು ಚಿಕ್ಕ ಊರು. ನೀರಿನ ಎರಡು ಕವಲು, ಒಂದು ತೆಂಕಲಿಗೆ, ಇನ್ನೊಂದು ಬಡಗಲಿಗೆ ಹರಿದು, ಕೋಟೆಯ ಬಳಿ ಕೂಡಿ ಒಂದೇ ಬಾಯಲ್ಲಿ ಸಮುದ್ರಕ್ಕೆ ಬೀಳುತ್ತವೆ. ಒತ್ತಾದ ತೆಂಗಿನ ತೋಪಿನಡಿ ಇದ್ದದ್ದು ಮನೆಗಳಿಗಿಂತ ಗುಡಿಸಲುಗಳೇ.

ಮೈಸೂರು, ಕೆನರಾ ಸೀಮೆಗಳ ಪ್ರವಾಸ ಬರೆದ ಬುಕಾನನ್ ಹೇಳುವುದೇ ಬೇರೆ. 1801ರಲ್ಲಿ ಅವನು ಕಂಡದ್ದು ಟಿಪ್ಪು ಕೆಡವಿಸಿದ ಊರನ್ನು. ಆದರೆ ಹಿಂದೆ ಇದು ಭಾರೀ ವ್ಯಾಪಾರದ ಜಾಗವಾಗಿತ್ತು, ಹೈದರ್ ಇಲ್ಲಿ ಯುದ್ಧದ ಹಡಗು ಕಟ್ಟಿಸುತ್ತಿದ್ದ ಎಂದು ಬರೆಯುತ್ತಾನೆ. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತನಂತೂ ಇಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದ ಲೆಕ್ಕ ಕೊಡುತ್ತಾನೆ.

ಗುಡಿಸಲೂರಿಗೆ ಅಷ್ಟು ವ್ಯಾಪಾರ ಹೇಗೆ? ಉತ್ತರ ದೆಲ್ಲಾ ವಾಲ್ಲೆಯ ಮುಂದಿನ ಪುಟಗಳಲ್ಲೇ ಇತ್ತು. ರಾಯಭಾರಿಯ ತಂಡ ದೋಣಿಯಲ್ಲಿ ಗೇರುಸೊಪ್ಪೆಗೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಯಲ್ಲಿ ಕೆಳದಿಯ ಅರಸ ವೆಂಕಟಪ್ಪ ನಾಯಕನ ದರ್ಬಾರಿಗೆ ಹೋಗುತ್ತದೆ. ಮೆಣಸು ಬೆಳೆಯುವ ನಾಡು ಒಳಗಡೆ, ಅದಕ್ಕೆ ದರ ಕುದುರಿಸಬೇಕಾದ ದೊರೆಯೂ ಮೇಲೆ. ಕಡಲಂಚಿನಲ್ಲಿ ಬೇಕಿದ್ದದ್ದು ಹಡಗು ನಿಲ್ಲಲು ಜಾಗ, ಕಾವಲಿಗೊಂದು ಕೋಟೆ. ಅದಕ್ಕೆ ಗುಡಿಸಲೂರೇ ಸಾಕು.

ಈ ಕಣ್ಣಿನಿಂದ ಉಳಿದ ಪುಟಗಳನ್ನು ಮತ್ತೆ ಓದಿದೆ. ಹೊನ್ನಾವರದ ಸುಲ್ತಾನ ಜಮಾಲುದ್ದೀನ್ ಕೂಡ 'ಹರ್ಯಬ್' ಎಂಬ ರಾಜನಿಗೆ ಅಧೀನ ಎನ್ನುತ್ತಾನೆ ಬತೂತ. ಆತ ವಿಜಯನಗರದ ಒಂದನೇ ಹರಿಹರ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹರಿಹರ, ವೆಂಕಟಪ್ಪ, ಚೆನ್ನಮ್ಮಾಜಿ, ಹೈದರ್: ಕಾಲ ಬದಲಾದರೂ ಹಿಡಿತ ಘಟ್ಟದ ಮೇಲಿನವರದ್ದೇ. ಮನೆ ಎಣಿಸಿ ಇಂಥ ಊರನ್ನು ಅಳೆಯಲಾಗದು. ಕರಾವಳಿಯ ಬಂದರಿನ ಚರಿತ್ರೆ ಬರೆಯುವವರು ಕೆಳದಿ ಅರಸರ ರಾಜಧಾನಿಗಳಾದ ಇಕ್ಕೇರಿ, ಬಿದನೂರುಗಳ ಕಾಗದಪತ್ರಗಳನ್ನೂ ಪಕ್ಕದಲ್ಲಿಟ್ಟುಕೊಂಡೇ ಕೂರಬೇಕು.