ಇಳಿಯದ ಬಲೂನು, ನೇರಳೆ ಚೀಲ: ಕ್ಯಾತಿಟರಿನ ಅಪರೂಪದ ತೊಡಕುಗಳು

ಕ್ಯಾತಿಟರ್ ಹಾಕಿದರೆ ಸೋಂಕಿನ ಭಯ ಇದ್ದೇ ಇರುತ್ತದೆ. ಅದರ ಚಿಕಿತ್ಸೆಗೆ ಸಿದ್ಧ ದಾರಿಗಳೂ ಇವೆ. ವೈದ್ಯರನ್ನು ಪೇಚಿಗೆ ಸಿಲುಕಿಸುವುದು ಅಪರೂಪದ ತೊಡಕುಗಳು. ಅವುಗಳ ಬಗ್ಗೆ ನಮಗಿರುವ ತಿಳಿವಳಿಕೆ ಬಹುಪಾಲು ಬಿಡಿಬಿಡಿ ರೋಗಿಗಳ ವರದಿಗಳಿಂದ ಕೂಡಿಬಂದದ್ದು.

ಮೂತ್ರ ಇಳಿಸುವ ನಳಿಕೆಯ ಪ್ರಸ್ತಾಪ ಸುಶ್ರುತ ಸಂಹಿತೆಯಲ್ಲೇ ಇದೆ. ಹಾಕಿದ ನಳಿಕೆ ಜಾರದಂತೆ ನಿಲ್ಲಿಸುವುದೇ ಬಹುಕಾಲದ ತಲೆನೋವಾಗಿತ್ತು. ಅಮೆರಿಕದ ಫ್ರೆಡರಿಕ್ ಫೋಲಿ ತುದಿಗೆ ಬಲೂನು ಕೂಡಿಸಿದರು. 1937ರ ಲೇಖನದಲ್ಲಿ ಅವರು ಅದನ್ನು ಮುಂದಿಟ್ಟದ್ದು ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರದ ರಕ್ತಸ್ರಾವ ತಡೆಯಲೆಂದು. ಬಳಕೆ ಮಾತ್ರ ತಿಂಗಳುಗಟ್ಟಲೆಗೆ, ವರ್ಷಗಟ್ಟಲೆಗೆ ಹಬ್ಬಿತು.

ಆ ಬಲೂನೇ ಕೆಲವೊಮ್ಮೆ ಇಳಿಯುವುದಿಲ್ಲ. ಕವಾಟ ಕೆಟ್ಟಿರಬಹುದು, ಒಳಗಿನ ಸಣ್ಣ ಕಾಲುವೆ ಕಟ್ಟಿರಬಹುದು. ಸಲೈನ್ ತುಂಬಿದರೆ ಉಪ್ಪು ಹರಳುಗಟ್ಟುವುದುಂಟು. ಶುದ್ಧೀಕರಿಸಿದ ನೀರನ್ನೇ ತುಂಬಿ ಎನ್ನುವುದು ಅದಕ್ಕೇ. ಹಿಂದೆ ಇನ್ನಷ್ಟು ನೀರು ತುಂಬಿ ಬಲೂನನ್ನೇ ಒಡೆಯುತ್ತಿದ್ದರು. ಚೂರುಗಳು ಮೂತ್ರಕೋಶದಲ್ಲೇ ಉಳಿದು ಅವುಗಳ ಸುತ್ತ ಕಲ್ಲು ಬೆಳೆಯುತ್ತಿತ್ತು. ಈಥರ್ ಹಾಯಿಸಿ ರಬ್ಬರ್ ಕರಗಿಸಿದವರೂ ಇದ್ದರು. ಬಲೂನೇನೋ ಹೋಯಿತು, ಮೂತ್ರಕೋಶದ ಒಳಪದರವೂ ಸುಟ್ಟಿತು! ಈಗಿನ ಕ್ರಮ ಸಾವಧಾನದ್ದು: ಸಿರಿಂಜನ್ನು ಜೋಡಿಸಿ ನೀರು ತಾನಾಗಿ ಬರಲು ಬಿಡುವುದು, ಬಾರದಿದ್ದರೆ ಕವಾಟ ಕತ್ತರಿಸುವುದು, ಆಮೇಲೆ ಕಾಲುವೆಯಲ್ಲಿ ತೆಳು ತಂತಿ ತೂರಿಸುವುದು, ಕೊನೆಗೆ ಅಲ್ಟ್ರಾಸೌಂಡ್ ನೋಡುತ್ತಾ ಹೊಟ್ಟೆಯ ಮೇಲಿನಿಂದ ಸೂಜಿ ಚುಚ್ಚುವುದು. ಹೊರಬಂದ ಬಲೂನು ಪೂರ್ತಿ ಇದೆಯೇ ಎಂದು ನೋಡುವ ಕೆಲಸವನ್ನು ಅವಸರದಲ್ಲಿ ಮರೆಯುವಂತಿಲ್ಲ.

ಬಲೂನು ಇಳಿದರೂ ನಳಿಕೆ ಬಾರದಿದ್ದರೆ ಸುತ್ತ ಹರಳು ಕಟ್ಟಿದೆಯೇ ಎಂದು ಶಂಕಿಸಬೇಕು. ಪ್ರೋಟಿಯಸ್ ಬ್ಯಾಕ್ಟೀರಿಯಾ ಯೂರಿಯಾವನ್ನು ಅಮೋನಿಯಾ ಮಾಡಿ ಮೂತ್ರವನ್ನು ಕ್ಷಾರೀಯಗೊಳಿಸುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹರಳುಗಳು ಹೆಪ್ಪುಗಟ್ಟುತ್ತವೆ. ಸಿಟ್ರಿಕ್ ಆಮ್ಲದ ದ್ರಾವಣದಿಂದ ತೊಳೆಯುವ ಪದ್ಧತಿ 1940ರ ದಶಕದಿಂದ ಇದೆ. ಅದಕ್ಕೂ ಜಗ್ಗದ ಹರಳನ್ನು ದೂರ್ಬೀನು ಹಾಕಿ ಒಡೆಯುತ್ತಾರೆ.

ಮನೆಯವರನ್ನು ಗಾಬರಿಗೊಳಿಸುವುದು ನೇರಳೆ ಬಣ್ಣಕ್ಕೆ ತಿರುಗಿದ ಯೂರಿನ್ ಬ್ಯಾಗ್. 1978ರಲ್ಲಿ ಮೊದಲು ವರದಿಯಾದ ಈ ಸ್ಥಿತಿ ಹೆಚ್ಚಾಗಿ ಮಲಬದ್ಧತೆಯಿರುವ ವಯಸ್ಸಾದ ಹೆಂಗಸರಲ್ಲಿ ಕಾಣುತ್ತದೆ. ಆಹಾರದ ಟ್ರಿಪ್ಟೊಫ್ಯಾನ್ ಅನ್ನು ಕರುಳಿನ ಸೂಕ್ಷ್ಮಜೀವಿಗಳು ಇಂಡೋಲ್ ಮಾಡುತ್ತವೆ, ಯಕೃತ್ತು ಅದನ್ನು ಬದಲಿಸಿ ಮೂತ್ರಕ್ಕೆ ಕಳಿಸುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದರಿಂದ ನೀಲಿ ಇಂಡಿಗೊ, ಕೆಂಪು ಇಂಡಿರುಬಿನ್ ತಯಾರಿಸುತ್ತವೆ. ಎರಡೂ ಬೆರೆತರೆ ನೇರಳೆ. ಬಟ್ಟೆಗೆ ಬಣ್ಣ ಕಟ್ಟುವ ನೀಲಿಯೂ ಇದೇ ಇಂಡಿಗೊ. ನೋಡಲು ಭೀಕರವಾದರೂ ಬಣ್ಣದಿಂದ ಅಪಾಯವಿಲ್ಲ. ನಳಿಕೆ, ಚೀಲ ಬದಲಿಸಿ ಮಲಬದ್ಧತೆ ಸರಿಪಡಿಸಿದರೆ ಸಾಮಾನ್ಯವಾಗಿ ಸಾಕು. ಜ್ವರ, ಮಂಕು ಇದ್ದರೆ ಸೋಂಕಿಗೆ ಔಷಧಿ ಬೇಕು.

ನಳಿಕೆಯ ತುದಿ ಮೂತ್ರಪಿಂಡದ ಕಡೆಯ ನಾಳಕ್ಕೆ ನುಗ್ಗುವುದು, ಮೂತ್ರಕೋಶ ತೂತಾಗುವುದು ಇನ್ನೂ ವಿರಳ. ಸಿ.ಟಿ. ಸ್ಕ್ಯಾನ್ ಬಂದ ಮೇಲೆ ಇವು ಬೇಗ ಪತ್ತೆಯಾಗುತ್ತಿವೆ. ಬೆನ್ನುಹುರಿಗೆ ಎದೆಯ ಮೇಲ್ಭಾಗದಲ್ಲಿ ಪೆಟ್ಟಾದವರಲ್ಲಿ ಮಾತ್ರ ಸ್ಕ್ಯಾನಿಗೆ ಕಾಯುವಷ್ಟು ಪುರಸೊತ್ತಿಲ್ಲ. ನಳಿಕೆ ಕಟ್ಟಿದ ಮಾತ್ರಕ್ಕೇ ಅವರ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಏರಬಹುದು. ಮೊದಲು ಎಬ್ಬಿಸಿ ಕೂರಿಸಬೇಕು, ನಳಿಕೆ ಮಡಚಿದೆಯೇ ನೋಡಬೇಕು, ಕಟ್ಟಿದ್ದರೆ ತಕ್ಷಣ ಬದಲಿಸಬೇಕು.

1972ರಲ್ಲಿ ಮಿಷಿಗನ್‌ನ ಜ್ಯಾಕ್ ಲ್ಯಾಪಿಡೆಸ್ ಬೇರೆಯೇ ದಾರಿ ತೋರಿಸಿದರು: ರೋಗಿಯೇ ಕೈ ತೊಳೆದು, ದಿನಕ್ಕೆ ಹಲವು ಬಾರಿ ಸಾದಾ ನಳಿಕೆ ಹಾಕಿ ಮೂತ್ರ ಇಳಿಸಿ ತೆಗೆಯುವುದು. ಇಲ್ಲಿ ಬಲೂನೇ ಇಲ್ಲ. ನನ್ನ ಮಟ್ಟಿಗೆ ಈ ಕ್ಷೇತ್ರದ ದೊಡ್ಡ ಹೆಜ್ಜೆ ಇದೇ. ಕೈ ನಡುಗುವವರಿಗೆ, ನೋಡಿಕೊಳ್ಳುವವರಿಲ್ಲದವರಿಗೆ ಇದು ಆಗದು. ಅವರಿಗೆ ಇಂದಿಗೂ ಫೋಲಿಯ ನಳಿಕೆಯೇ ಗತಿ.