ದುಡುಕು ಮತ್ತು ವೇಗ: ಕಾತ್ರಜದ ಇಳಿಜಾರಿನಿಂದ ಕಂಡ ಒಂದು ಕಾಯಿದೆಯ ಚರಿತ್ರೆ

ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಕಾತ್ರಜವು ಬರಿಯ ಒಂದು ಬಡಾವಣೆಯ ಹೆಸರಲ್ಲ. ತವರಿನ ದಾರಿ ಮೊದಲಾಗುವುದು ಅಲ್ಲಿಂದ. ಸಾತಾರಾ, ಕರಾಡ, ಕೊಲ್ಲಾಪುರಗಳನ್ನು ಹಾದು ನಿಪ್ಪಾಣಿಯಲ್ಲಿ ಕನ್ನಡನಾಡನ್ನು ಹೊಕ್ಕು, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳ ಮೂಲಕ ಬೆಂಗಳೂರನ್ನು ಮುಟ್ಟುವ ಈ ಹೆದ್ದಾರಿ ಮೊದಲು ೪ನೆಯ ಸಂಖ್ಯೆಯದಾಗಿದ್ದು, ೨೦೧೦ರ ಹೊಸ ಎಣಿಕೆಯ ತರುವಾಯ ೪೮ನೆಯದಾಯಿತು. ಕಾತ್ರಜದ ಬೆಟ್ಟವನ್ನು ದಾಟಲು ಹಳೆಯ ಘಾಟಿನ ಸುರಂಗವೊಂದು, ಊರ ಹೊರಸುತ್ತಿನ ಹೆದ್ದಾರಿಗೆ ಕೊರೆದ ಜೋಡಿ ಸುರಂಗ ಇನ್ನೊಂದು. ದಕ್ಷಿಣದಿಂದ ಬಂದ ವಾಹನ ಹೊಸ ಸುರಂಗವನ್ನು ಬಿಟ್ಟ ಬಳಿಕ ನರ್ಹೆ, ನವಲೆ ಸೇತುವೆಗಳ ಕಡೆಗೆ ದೂರದವರೆಗೂ ಇಳಿಯುತ್ತಲೇ ಹೋಗುತ್ತದೆ. ಈ ಇಳಿಜಾರಿನಲ್ಲಿ ಅಪಘಾತವಾದಾಗಲೆಲ್ಲ ಚಾಲಕನ ಮೇಲೆ ಕೆಲವು ನಿಶ್ಚಿತವಾದ ಮಾತುಗಳಲ್ಲಿ ಆಪಾದನೆ ಹೊರಿಸಲ್ಪಡುತ್ತದೆ. ಆ ಮಾತುಗಳು ಎಲ್ಲಿಂದ ಬಂದವು, ನ್ಯಾಯಸ್ಥಾನದಲ್ಲಿ ಅವುಗಳಿಂದ ಒದಗುವ ಫಲವೇನು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೂಲ ಕಾಯಿದೆಯು ಮೋಟಾರಿಗಿಂತ ಹಳೆಯದು. ೧೮೬೦ರಲ್ಲಿ ರಚಿತವಾಗಿ ೧೮೬೨ರಲ್ಲಿ ಜಾರಿಗೆ ಬಂದ ಭಾರತೀಯ ದಂಡಸಂಹಿತೆಯ ೨೭೯ನೆಯ ಕಲಮನ್ನು ಬರೆದವರ ಕಣ್ಣ ಮುಂದಿದ್ದುದು ಕುದುರೆಯ ಗಾಡಿಯೂ ಸವಾರನೂ. ಸಾರ್ವಜನಿಕ ಮಾರ್ಗದಲ್ಲಿ ಮನುಷ್ಯಪ್ರಾಣಕ್ಕೆ ಅಪಾಯವಾಗುವಂತೆ ದುಡುಕಿನಿಂದ ಅಥವಾ ಅಲಕ್ಷ್ಯದಿಂದ ವಾಹನ ನಡೆಸಿದವನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಸಾವಿರ ರೂಪಾಯಿಯವರೆಗೆ ಜುಲ್ಮಾನೆ, ಇಲ್ಲವೆ ಎರಡೂ. ಇಂಥ ನಡತೆಯಿಂದ ಸಾವು ಸಂಭವಿಸಿದರೆ ಏನು ಮಾಡಬೇಕೆಂಬುದಕ್ಕೆ ಪ್ರತ್ಯೇಕ ವಿಧಿ ಮೊದಲಿಗೆ ಇರಲಿಲ್ಲ; ೧೮೭೦ರ ತಿದ್ದುಪಡಿಯಿಂದ ೩೦೪-ಎ ಕಲಮು ಸೇರಿತು. ಅದರ ಪರಮಾವಧಿ ಶಿಕ್ಷೆ ಎರಡು ವರ್ಷ. ಮುಂದೆ ೧೯೧೪, ೧೯೩೯, ೧೯೮೮ರ ಮೋಟಾರು ವಾಹನಗಳ ಕಾಯಿದೆಗಳು ಒಂದರ ಹಿಂದೊಂದು ಬಂದರೂ ಈ ಎರಡು ಕಲಮುಗಳು ನೂರೈವತ್ತು ವರ್ಷಗಳಿಗೂ ಮಿಕ್ಕಿ ಅಲುಗದೆ ನಿಂತವು.

'ದುಡುಕು' 'ಅಲಕ್ಷ್ಯ' ಎಂಬ ಎರಡು ಪದಗಳ ಭೇದವನ್ನು ಮದರಾಸಿನ ಉಚ್ಚ ನ್ಯಾಯಾಲಯ ೧೮೭೨ರಲ್ಲಿ ನಿಡಮರ್ತಿ ನಾಗಭೂಷಣಂ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಕೇಡು ಸಂಭವಿಸಬಹುದೆಂಬ ಅರಿವಿದ್ದೂ, ಸಂಭವಿಸಲಾರದೆಂಬ ಆಸೆಯಿಂದ ಮುಂದುವರಿಯುವುದು ದುಡುಕು. ಆ ಅರಿವೇ ಇಲ್ಲದೆ, ಇರಬೇಕಾಗಿದ್ದ ಎಚ್ಚರಿಕೆಯನ್ನು ವಹಿಸದಿರುವುದು ಅಲಕ್ಷ್ಯ. ಮೂವತ್ತು ವರ್ಷಗಳ ತರುವಾಯ, ೧೯೦೨ರ ಓಂಕಾರ ರಾಮಪ್ರತಾಪ ಪ್ರಕರಣದಲ್ಲಿ, ಮುಂಬಯಿಯ ಮುಖ್ಯ ನ್ಯಾಯಾಧೀಶ ಸರ್ ಲಾರೆನ್ಸ್ ಜೆಂಕಿನ್ಸ್ ಅವರು ಇನ್ನೊಂದು ನಿಯಮವನ್ನು ಸೇರಿಸಿದರು: ಸಾವು ಆ ದುಡುಕಿನ ಅಥವಾ ಅಲಕ್ಷ್ಯದ ನೇರ ಫಲವಾಗಿರಬೇಕು, ಅದು ಹಲವು ಕಾರಣಗಳಲ್ಲಿ ಒಂದಾಗಿದ್ದರೆ ಸಾಲದು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳು ೧೯೫೬ರ ಪುನರ್ವಿಂಗಡಣೆಯವರೆಗೂ ಮುಂಬಯಿಯ ಅಧಿಕಾರಕ್ಕೆ ಒಳಪಟ್ಟಿದ್ದ ಕಾರಣ, ಪುಣೆಗೂ ಧಾರವಾಡಕ್ಕೂ ಈ ವಿಷಯದಲ್ಲಿ ಒಂದೇ ನ್ಯಾಯವಿತ್ತು. ಕುರ್ಬಾನ್ ಹುಸೇನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಜೆಂಕಿನ್ಸರ ನಿಯಮವನ್ನೇ ಅಂಗೀಕರಿಸಿತು. ಆ ತೀರ್ಪು ೧೯೬೫ರ ವರದಿಗಳಲ್ಲಿ ಪ್ರಕಟವಾಗಿದೆ.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಕಾಯಿದೆಯ ಈ ಎರಡು ಪದಗಳಲ್ಲಿ 'ವೇಗ'ವಿಲ್ಲ. ಆದರೆ ಠಾಣೆಯ ದಫ್ತರಕ್ಕೆ ಬಂದಾಗ ಮಾತು ಬದಲಾಗುತ್ತದೆ. ಕನ್ನಡನಾಡಿನ ಫಿರ್ಯಾದಿಗಳಲ್ಲಿ 'ಅತಿವೇಗ ಮತ್ತು ಅಜಾಗರೂಕತೆಯಿಂದ' ಎಂಬುದು ಅಚ್ಚೊತ್ತಿದ ವಾಕ್ಯ. ಮರಾಠಿಯಲ್ಲಿ 'ಭರಧಾವ ವೇಗಾನೆ, ಹಯಗಯೀನೆ, ಅವಿಚಾರಾನೆ' ಎಂದು ಬರೆದು, ಅನೇಕ ವೇಳೆ 'ರಸ್ತೆಯ ಪರಿಸ್ಥಿತಿಯನ್ನು ಲಕ್ಷಿಸದೆ' ಎಂಬರ್ಥದ ಮಾತನ್ನೂ ಕೂಡಿಸುತ್ತಾರೆ. ಮರಾಠಿಯ ವಾಕ್ಯದಲ್ಲಿ 'ಅವಿಚಾರ'ವಾದರೂ ಉಳಿದಿದೆ. ಕನ್ನಡದಲ್ಲಿ ದುಡುಕಿನ ಸ್ಥಾನವನ್ನೇ ವೇಗ ಆಕ್ರಮಿಸಿದೆ. ಮನಸ್ಸಿನ ಸ್ಥಿತಿಯನ್ನು ಸೂಚಿಸುತ್ತಿದ್ದ ಪದ ಹೋಗಿ ಗಾಲಿಯ ಗತಿಯನ್ನು ಸೂಚಿಸುವ ಪದ ಬಂದಿತು. ಇದು ಕೇವಲ ಶಬ್ದಚರ್ಚೆಯಲ್ಲವೆಂಬುದಕ್ಕೆ ಕರ್ನಾಟಕದಿಂದಲೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಪ್ರಕರಣವೊಂದು ಸಾಕ್ಷಿಯಾಗಿದೆ.

೧೯೮೨ರ ನವೆಂಬರ್ ೨೫ರ ಬೆಳಿಗ್ಗೆ ಜನರನ್ನು ತುಂಬಿಕೊಂಡಿದ್ದ ಲಾರಿಯೊಂದು ಹಳ್ಳವನ್ನು ದಾಟುವಾಗ ಮಗುಚಿ ೧೫ ಮಂದಿ ಸತ್ತರು. ಸುಮಾರು ೧೮ ಮಂದಿ ಗಾಯಗೊಂಡರು. ಕೆಳಗಿನ ಎರಡು ನ್ಯಾಯಸ್ಥಾನಗಳು ಚಾಲಕನನ್ನು ಅಪರಾಧಿಯೆಂದವು. ಉಚ್ಚ ನ್ಯಾಯಾಲಯ ಬಿಡುಗಡೆ ಮಾಡಿತು. ೧೯೯೮ರಲ್ಲಿ ಸರ್ವೋಚ್ಚ ನ್ಯಾಯಾಲಯ ಸರ್ಕಾರದ ಅಪೀಲನ್ನು ತಳ್ಳಿಹಾಕಿತು. ಸಾಕ್ಷಿಗಳೆಲ್ಲ 'ಅತಿವೇಗ' ಎಂದು ನುಡಿದಿದ್ದರು. ಅತಿವೇಗವೆಂದರೆ ಎಷ್ಟು ಎಂಬುದನ್ನು ಅಂದಾಜಿಗೂ ಯಾರೂ ಹೇಳಿರಲಿಲ್ಲ. ವೇಗವು ಸಾಪೇಕ್ಷವಾದ ಮಾತು, ಅದೊಂದರಿಂದಲೇ ದುಡುಕಾಗಲಿ ಅಲಕ್ಷ್ಯವಾಗಲಿ ಸಿದ್ಧವಾಗದು ಎಂಬುದು ತೀರ್ಪಿನ ಸಾರ. ಹದಿನೈದು ಮನೆಗಳ ದುಃಖವು ಹದಿನಾರು ವರ್ಷ ನ್ಯಾಯಸ್ಥಾನಗಳನ್ನು ಅಲೆದು ಒಂದು ಪದದ ಅಸ್ಪಷ್ಟತೆಯಲ್ಲಿ ಮುಗಿಯಿತು. ಕರ್ನಾಟಕದ ಇನ್ನೆರಡು ಪ್ರಕರಣಗಳು ಶಿಕ್ಷೆಯ ಪ್ರಮಾಣಕ್ಕೆ ಸಂಬಂಧಪಟ್ಟವು. ೧೯೮೭ರ ಕೃಷ್ಣ ಉರ್ಫ್ ರಾಜು ಪ್ರಕರಣದಲ್ಲಿಯೂ ೨೦೦೨ರ ಶರಣಪ್ಪ ಬಸನಗೌಡ ಆರೇಗೌಡರ ಪ್ರಕರಣದಲ್ಲಿಯೂ ಪ್ರಾಣಹಾನಿಗೆ ಬರಿಯ ಜುಲ್ಮಾನೆಯೇ ಉಳಿದುದನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪದೆ ಆರು ತಿಂಗಳ ಸೆರೆವಾಸವನ್ನು ವಿಧಿಸಿತು.

ಈ ಹಿನ್ನೆಲೆಯಲ್ಲಿ ಕಾತ್ರಜದ ಇಳಿಜಾರಿಗೆ ಮರಳಬಹುದು. ೨೦೨೨ರ ನವೆಂಬರ್ ೨೦ರ ರಾತ್ರಿ ಸಾತಾರೆಯ ಕಡೆಯಿಂದ ಬಂದ ಲಾರಿಯೊಂದು ನವಲೆ ಸೇತುವೆಯ ಬಳಿ ಹತೋಟಿ ತಪ್ಪಿ ಸುಮಾರು ೪೮ ವಾಹನಗಳನ್ನು ಜಖಂಗೊಳಿಸಿತು. ಮೊದಲಿಗೆ ಬ್ರೇಕು ಕೆಟ್ಟಿತೆಂಬ ಮಾತು ಹಬ್ಬಿತು. ಇಂಧನವನ್ನು ಉಳಿಸಲು ಚಾಲಕನು ಇಳಿಜಾರಿನಲ್ಲಿ ಎಂಜಿನ್ನನ್ನೇ ನಿಲ್ಲಿಸಿದ್ದನೆಂದು ಪೊಲೀಸರು ತರುವಾಯ ತಿಳಿಸಿದರು. ಇದರ ಅರ್ಥವನ್ನು ವಿವರಿಸುವುದು ಅವಶ್ಯ. ಭಾರವಾದ ಲಾರಿಯ ಬ್ರೇಕು ಒತ್ತಿದ ಗಾಳಿಯ ಬಲದಿಂದ ನಡೆಯುವಂಥದು. ಆ ಗಾಳಿಯನ್ನು ತುಂಬುವ ಯಂತ್ರ ಎಂಜಿನ್ನಿನಿಂದಲೇ ತಿರುಗುತ್ತದೆ. ಎಂಜಿನ್ನು ನಿಂತ ಬಳಿಕ ಪ್ರತಿಸಲ ಬ್ರೇಕು ಒತ್ತಿದಾಗಲೂ ತೊಟ್ಟಿಯ ಗಾಳಿ ಕಡಮೆಯಾಗುತ್ತದೆ, ಮತ್ತೆ ತುಂಬುವುದಿಲ್ಲ. ಕೆಳಗಿನ ಗೇರಿನಲ್ಲಿ ಎಂಜಿನ್ನೇ ವಾಹನವನ್ನು ತಡೆದು ಹಿಡಿಯುವ ಅನುಕೂಲವೂ ತಪ್ಪುತ್ತದೆ, ಚುಕ್ಕಾಣಿಯೂ ಬಿಗಿಯಾಗುತ್ತದೆ. ಹೀಗಿರುವಾಗ ಲಾರಿಯ ವೇಗವು ತಪ್ಪಿನ ಫಲವೇ ಹೊರತು ತಪ್ಪಲ್ಲ. ತಪ್ಪು ನಡೆದುದು ಬಹಳ ಮೇಲೆ, ಬೀಗದ ಕೈ ತಿರುಗಿದ ಸ್ಥಳದಲ್ಲಿ. ಇಳಿಜಾರಿನ ಎಚ್ಚರಿಕೆಯನ್ನು ಕೊಡುವ ಫಲಕವು ಕಣ್ಣೆದುರಿಗಿದ್ದು ಅದನ್ನು ಓದಿಯೂ ಎಂಜಿನ್ನನ್ನು ನಿಲ್ಲಿಸಿದವನ ನಡತೆ ೧೮೭೨ರ ವ್ಯಾಖ್ಯೆಯಂತೆ ದುಡುಕು. ಫಲಕವಿಲ್ಲದ ಕಡೆ, ಘಟ್ಟದ ಪರಿಚಯವಿಲ್ಲದವನದು ಅಲಕ್ಷ್ಯವಾದೀತು. ಎರಡನ್ನೂ 'ಅತಿವೇಗ' ಎಂದು ಬರೆದಲ್ಲಿ ಈ ಭೇದ ಅಳಿಸಿಹೋಗುತ್ತದೆ.

ಅರಿವಿನ ಪ್ರಶ್ನೆ ಶಿಕ್ಷೆಯನ್ನು ಎಲ್ಲಿಗೆ ಕೊಂಡೊಯ್ಯಬಲ್ಲದೆಂಬುದು ೨೦೧೨ರಲ್ಲಿ ಪ್ರಕಟವಾಯಿತು. ೨೦೦೬ರಲ್ಲಿ ಮುಂಬಯಿಯ ಕಾರ್ಟರ್ ರಸ್ತೆಯಲ್ಲಿ ಮಲಗಿದ್ದ ಏಳು ಮಂದಿಯ ಸಾವಿಗೆ ಕಾರಣನಾದ ಚಾಲಕನ ಪ್ರಕರಣದಲ್ಲಿ, ಕುಡಿದು ಹಾಗೆ ನಡೆಸಿದರೆ ಸಾವು ಸಂಭವವೆಂಬ ತಿಳಿವಳಿಕೆ ಇತ್ತೆಂದು ಸರ್ವೋಚ್ಚ ನ್ಯಾಯಾಲಯ ನಿರ್ಣಯಿಸಿ, ಹತ್ತು ವರ್ಷದವರೆಗೆ ಶಿಕ್ಷೆಗೆ ಅವಕಾಶವಿರುವ ೩೦೪ನೆಯ ಕಲಮಿನ ಎರಡನೆಯ ಭಾಗವನ್ನು ಎತ್ತಿಹಿಡಿಯಿತು. ವಿಧಿಸಿದ ಶಿಕ್ಷೆ ಮೂರು ವರ್ಷ. ಬೀದಿಯಲ್ಲಿ ಪಂದ್ಯ ಕಟ್ಟಿ ವಾಹನ ಓಡಿಸುವುದಂತೂ ೧೯೮೮ರ ಕಾಯಿದೆಯ ೧೮೯ನೆಯ ಕಲಮಿನಂತೆ, ಯಾರಿಗೂ ಗಾಯವಾಗದಿದ್ದರೂ, ಸ್ವತಃ ಅಪರಾಧ. ೨೦೧೯ರ ತಿದ್ದುಪಡಿಯಿಂದ ಮೊದಲ ಸಲಕ್ಕೆ ಮೂರು ತಿಂಗಳ ಸೆರೆವಾಸ ಇಲ್ಲವೆ ಐದು ಸಾವಿರ ರೂಪಾಯಿ, ಪುನಃ ಮಾಡಿದರೆ ಒಂದು ವರ್ಷ ಇಲ್ಲವೆ ಹತ್ತು ಸಾವಿರ, ಅಥವಾ ಎರಡೂ. ೨೦೨೪ರ ಜುಲೈ ೧ರಿಂದ ದಂಡಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿತು. ಹಳೆಯ ೨೭೯ ಈಗ ೨೮೧. ೩೦೪-ಎ ಈಗ ೧೦೬(೧), ಶಿಕ್ಷೆ ಎರಡು ವರ್ಷದಿಂದ ಐದು ವರ್ಷಕ್ಕೆ ಏರಿದೆ. ಅಪಘಾತ ಮಾಡಿ ಓಡಿಹೋದವನಿಗೆ ಹತ್ತು ವರ್ಷವೆಂಬ ೧೦೬(೨), ಆ ವರ್ಷದ ಜನವರಿಯಲ್ಲಿ ನಡೆದ ಲಾರಿ ಚಾಲಕರ ಮುಷ್ಕರದ ತರುವಾಯ, ಉಳಿದವುಗಳೊಡನೆ ಜಾರಿಯಾಗಲಿಲ್ಲ. ಪದಗಳು ಮಾತ್ರ ಅವೇ: ದುಡುಕು, ಅಲಕ್ಷ್ಯ.

ಹೊರನಾಡ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಸಂಬಂಧವಿದೆ. ಮಹಾರಾಷ್ಟ್ರದ ಕೆಳಗಿನ ನ್ಯಾಯಸ್ಥಾನಗಳ ಭಾಷೆ ಮರಾಠಿ. ಈ ಹೆದ್ದಾರಿಯಲ್ಲಿ ವಾಹನ ನಡೆಸುವ ಕನ್ನಡಿಗ ಚಾಲಕರು ಸಾವಿರಾರು. ಅಚ್ಚಿನ ವಾಕ್ಯಕ್ಕೆ ಹೂಂಗುಟ್ಟಿ ಜುಲ್ಮಾನೆ ತೆತ್ತು ಹೊರಟವನು, ತಾನು ಒಪ್ಪಿಕೊಂಡುದು ಗಾಲಿಯ ಗತಿಯನ್ನೋ ಮನಸ್ಸಿನ ದುಡುಕನ್ನೋ ಎಂಬುದನ್ನೇ ಅರಿಯದೆ ಹೋಗಬಹುದು. ಆ ಒಪ್ಪಿಗೆ ಅಪರಾಧನಿರ್ಣಯವಾಗಿ ಉಳಿಯುತ್ತದೆ. ಆಪಾದಿತನಿಗೆ ಅರ್ಥವಾಗದ ಭಾಷೆಯ ಸಾಕ್ಷ್ಯವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳತಕ್ಕದ್ದೆಂದು ೧೯೭೩ರ ದಂಡ ಪ್ರಕ್ರಿಯಾ ಸಂಹಿತೆ ವಿಧಿಸಿತ್ತು. ಆ ಕಲಮಿನ ಸಂಖ್ಯೆಯೂ ೨೭೯ ಆಗಿದ್ದುದು ಕಾಕತಾಳೀಯ. ಒಂದು ೨೭೯ರ ಆಪಾದನೆ ಬಂದಾಗ ಇನ್ನೊಂದು ೨೭೯ರ ಹಕ್ಕನ್ನು ಕೇಳಿದ ಚಾಲಕರು ಎಷ್ಟು ಮಂದಿ ಇದ್ದಾರು?

ತಪ್ಪೆಲ್ಲ ಚಾಲಕನದೇ ಎಂಬ ಎಣಿಕೆಯನ್ನೂ ಕಾಯಿದೆ ಈಗ ಒಪ್ಪುವುದಿಲ್ಲ. ರಸ್ತೆಯ ರಚನೆಯಲ್ಲಿ ಗೊತ್ತುಪಡಿಸಿದ ಮಾನದಂಡವನ್ನು ಪಾಲಿಸದೆ ಪ್ರಾಣಹಾನಿಗೆ ಅಥವಾ ಅಂಗವೈಕಲ್ಯಕ್ಕೆ ಕಾರಣರಾದ ಅಧಿಕಾರಿಗೂ ಗುತ್ತಿಗೆದಾರನಿಗೂ ಒಂದು ಲಕ್ಷ ರೂಪಾಯಿಯವರೆಗೆ ಜುಲ್ಮಾನೆಯನ್ನು ೨೦೧೯ರಲ್ಲಿ ಸೇರಿಸಿದ ೧೯೮-ಎ ಕಲಮು ವಿಧಿಸುತ್ತದೆ. ಆದಕಾರಣ ಒಂದೇ ಇಳಿಜಾರಿನಲ್ಲಿ ಅಪಘಾತಗಳು ಮರಳಿ ಮರಳಿ ಸಂಭವಿಸುವಾಗ ವಿಚಾರಣೆ ಮೂರು ಪ್ರಶ್ನೆಗಳಿಂದ ಮೊದಲಾಗಬೇಕು: ಚಾಲಕನಿಗೆ ತಿಳಿದುದೇನು, ಅವನಿಗೆ ತಿಳಿಸಲ್ಪಟ್ಟುದೇನು, ರಸ್ತೆಯು ಹೇಗಿತ್ತು. ಗೇರು, ಬ್ರೇಕು, ಗಾಳಿಯ ಒತ್ತಡ, ಇಳಿಜಾರಿನ ಪ್ರಮಾಣ, ಫಲಕದ ಸ್ಥಾನ, ಇವನ್ನೆಲ್ಲ ಅಳೆದು ಬರೆದ ಪಂಚನಾಮೆಯು 'ಅತಿವೇಗ'ವೆಂಬ ಒಂದು ಮಾತಿಗಿಂತ ನಿರಪರಾಧಿಯನ್ನು ಹೆಚ್ಚು ಕಾಯುತ್ತದೆ, ಅಪರಾಧಿಯನ್ನು ಹೆಚ್ಚು ಭದ್ರವಾಗಿ ಹಿಡಿಯುತ್ತದೆ. ೧೯೮೨ರಲ್ಲಿ ಹಳ್ಳದಲ್ಲಿ ಸತ್ತ ಹದಿನೈದು ಮಂದಿಯ ಪಕ್ಷದಲ್ಲಿ ಯಾರೂ ಮಾಡದೆ ಬಿಟ್ಟುದು ಈ ಅಳತೆಯನ್ನೇ.