ಗ್ಲಾಸ್ಗೋ ನಗರಸಭೆಯ ಚುನಾವಣಾಫಲ ವಿಚಾರ

ಸ್ಕಾಟ್ಲೆಂಡ್ ದೇಶದ ಗ್ಲಾಸ್ಗೋ ನಗರದಲ್ಲಿ ಕೆಲವು ವರ್ಷಗಳಿಂದ ನೆಲಸಿರುವ ನನ್ನ ಹಳೆಯ ಶಿಷ್ಯರೊಬ್ಬರು 2022ನೆಯ ಮೇ ತಿಂಗಳಿನಲ್ಲಿ ನನಗೊಂದು ಪತ್ರವನ್ನು ಬರೆದಿದ್ದರು. ಭಾರತದ ಪ್ರಜೆಗಳು ಕಾಮನ್‌ವೆಲ್ತ್ ರಾಷ್ಟ್ರದವರಾದುದರಿಂದ ಆ ದೇಶದಲ್ಲಿ ವಾಸವಾಗಿರುವವರೆಗೆ ಅಲ್ಲಿನ ನಗರಸಭೆಯ ಚುನಾವಣೆಯಲ್ಲಿ ಮತ ಕೊಡಲು ಹಕ್ಕುಳ್ಳವರು. ಅದರಂತೆ ಅವರು ಮೇ 5ರಂದು ಮತಪತ್ರದ ಮೇಲೆ ಮೂವರು ಉಮೇದುವಾರರ ಹೆಸರುಗಳ ಮುಂದೆ 1, 2, 3 ಎಂದು ಅಂಕಿಗಳನ್ನು ಬರೆದುಬಂದರು. ಮರುದಿನ ಫಲವು ಪ್ರಕಟವಾಯಿತು. ಆದರೆ ತಮ್ಮ ಮತವು ಕಡೆಗೆ ಯಾರಿಗೆ ಸಂದಿತೆಂಬುದು ಅವರಿಗೆ ತಿಳಿಯದೆ ಹೋಯಿತು. "ವ್ಯಾಕರಣಪಾಠದಲ್ಲಿ ಯಾವ ಸೂತ್ರದಿಂದ ಯಾವ ರೂಪವು ಬಂದಿತೆಂದು ನಮ್ಮನ್ನು ಕಾಡಿದವರು ತಾವು, ಈ ರೂಪಕ್ಕೂ ಪ್ರಕ್ರಿಯೆಯನ್ನು ಹೇಳಿಕೊಡಬೇಕು" ಎಂದು ಅವರು ಕೇಳಿದುದರಿಂದ ನಾನು ಆ ನಗರದ ಚುನಾವಣೆಗಳ ಪಟ್ಟಿಗಳನ್ನು ತರಿಸಿಕೊಂಡು ನೋಡಬೇಕಾಯಿತು.

ನೋಡುತ್ತಿರುವಾಗ ಒಂದು ಸಂಶಯವು ಹುಟ್ಟಿತು. 2003ರಲ್ಲಿ ಆ ಸಭೆಯ 79 ಸ್ಥಾನಗಳಲ್ಲಿ ಲೇಬರ್ ಪಕ್ಷಕ್ಕೆ 71 ದೊರೆತಿದ್ದವು. 2007ರಲ್ಲಿ ಅದೇ ಪಕ್ಷಕ್ಕೆ ದೊರೆತವು 45. ಈ ಎರಡು ಅಂಕಿಗಳನ್ನು ಮಾತ್ರ ಅಕ್ಕಪಕ್ಕದಲ್ಲಿಟ್ಟು ನೋಡುವವರು, ನಾಲ್ಕು ವರ್ಷಗಳಲ್ಲಿ ಜನರ ಮನಸ್ಸು ಆ ಪಕ್ಷದಿಂದ ತಿರುಗಿಹೋಯಿತೆಂದು ಹೇಳುವುದು ಸಹಜ. ಚರಿತ್ರಕಾರನು ಅಷ್ಟಕ್ಕೇ ನಿಲ್ಲಲಾಗದು. ಜನರು ಕೊಟ್ಟ ಮತವು ಒಂದು. ಆ ಮತವನ್ನು ಎಣಿಸುವ ವಿಧಿಯು ಇನ್ನೊಂದು. ಫಲವೆಂಬುದು ಇವೆರಡರ ಸಂಯೋಗದಿಂದ ಹುಟ್ಟಿದ್ದು. ಯಾವ ಭಾಗವು ಯಾವುದರಿಂದ ಬಂದಿತೆಂಬುದನ್ನು ಬಿಡಿಸದೆ ಜನರ ಮನಸ್ಸಿನ ವಿಷಯದಲ್ಲಿ ತೀರ್ಪು ಕೊಡುವುದು ಸಾಹಸವೇ ಸರಿ.

ಎಣಿಸುವ ಮಾತಿರಲಿ, ಕೇಳುವ ಪದ್ಧತಿಯೇ ಆ ದೇಶದ ನಗರಗಳಲ್ಲಿ ಬಹುಕಾಲ ಇರಲಿಲ್ಲ. 1469ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಒಂದು ಶಾಸನವನ್ನು ಮಾಡಿತು. ವರ್ಷವರ್ಷವೂ ಅಧಿಕಾರಿಗಳನ್ನು ಆರಿಸುವಾಗ ಸಾಮಾನ್ಯಜನರ ಗುಂಪೂ ಗದ್ದಲವೂ ಹೆಚ್ಚಾಗಿ ಕಲಹವಾಗುತ್ತಿದೆಯಾದುದರಿಂದ, ಇನ್ನು ಮುಂದೆ ಹಳೆಯ ಸಭೆಯೇ ಹೊಸ ಸಭೆಯನ್ನು ಆರಿಸತಕ್ಕದ್ದು. ಹಳೆಯದೂ ಹೊಸದೂ ಕೂಡಿ, ಒಂದೊಂದು ಕಸಬಿನ ಒಬ್ಬೊಬ್ಬ ಪ್ರತಿನಿಧಿಯೊಡನೆ ಅಧಿಕಾರಿಗಳನ್ನು ಗೊತ್ತುಮಾಡತಕ್ಕದ್ದು ಎಂಬುದು ಅದರ ತಾತ್ಪರ್ಯ. ಗದ್ದಲವೇನೋ ಅಡಗಿತು! ತಾನೇ ತನ್ನನ್ನು ಹಡೆಯುವ ಈ ಸಭೆಗಳು ಮುನ್ನೂರಅರವತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆದುವು. ಗ್ಲಾಸ್ಗೋ ಮೊದಲು ಆರ್ಚ್‌ಬಿಷಪ್ಪನ ಪಟ್ಟಣವಾಗಿದ್ದುದರಿಂದ ಅಲ್ಲಿನ ಮುಖ್ಯಾಧಿಕಾರಿಯನ್ನು ನೇಮಿಸುವುದರಲ್ಲಿ ಅವನ ಕೈ ಇತ್ತು. 1690ರಲ್ಲಿ ರಾಜಶಾಸನದ ಮೂಲಕ ತನ್ನ ಅಧಿಕಾರಿಗಳನ್ನು ತಾನೇ ಆರಿಸುವ ಸ್ವಾತಂತ್ರ್ಯವು ಪಟ್ಟಣಕ್ಕೆ ಬಂದಿತು. ಪಟ್ಟಣವೆಂದರೆ ಇಲ್ಲಿ ವರ್ತಕರ ಶ್ರೇಣಿ, ಕಸಬುದಾರರ ಶ್ರೇಣಿ ಇವೆರಡೇ ಎಂದು ತಿಳಿಯಬೇಕು. ಕನ್ನಡ ಜಿಲ್ಲೆಯಲ್ಲಿಯೂ ಬಳ್ಳಾರಿಯ ಸೀಮೆಯಲ್ಲಿಯೂ ಕಂದಾಯದ ವ್ಯವಸ್ಥೆಯನ್ನು ಮಾಡಿ ನಮ್ಮವರಿಗೆ ಪರಿಚಿತನಾದ ಥಾಮಸ್ ಮನ್ರೋ 1761ರಲ್ಲಿ ಹುಟ್ಟಿದುದು ಇಂತಹ ಗ್ಲಾಸ್ಗೋವಿನಲ್ಲಿ, ವರ್ತಕನೊಬ್ಬನ ಮನೆಯಲ್ಲಿ.

1833ರ ಸುಧಾರಣಾಶಾಸನದಿಂದ ಈ ಕ್ರಮವು ಮುರಿಯಿತು. ಹತ್ತು ಪೌಂಡು ಬೆಲೆಯ ಮನೆಯುಳ್ಳ ಗೃಹಸ್ಥರು ಮತದಾರರಾದರು. ಪ್ರತಿ ನವೆಂಬರಿನಲ್ಲಿಯೂ ಸದಸ್ಯರಲ್ಲಿ ಮೂರರಲ್ಲೊಂದು ಭಾಗವು ನಿವೃತ್ತವಾಗಿ ಹೊಸಬರು ಆರಿಸಲ್ಪಡುತ್ತಿದ್ದರು. ಆದರೂ ಹಳೆಯ ಎರಡು ಶ್ರೇಣಿಗಳ ಮುಖ್ಯಸ್ಥರು ಯಾರ ಮತವನ್ನೂ ಬೇಡದೆ 1975ರ ವರೆಗೆ ಗ್ಲಾಸ್ಗೋವಿನ ಸಭೆಯಲ್ಲಿ ಕುಳಿತಿದ್ದರೆಂಬುದು ಗಮನಿಸತಕ್ಕ ಸಂಗತಿ. ತೆರಿಗೆ ಕೊಡುವ ಅವಿವಾಹಿತ ಸ್ತ್ರೀಯರಿಗೂ ವಿಧವೆಯರಿಗೂ 1881ರಲ್ಲಿ ಮತವು ದೊರೆಯಿತು. ಸದಸ್ಯತ್ವದ ಅರ್ಹತೆ ಬಂದುದು 1907ರಲ್ಲಿ. 1915ರ ಮನೆಬಾಡಿಗೆಯ ಹೋರಾಟದಲ್ಲಿ ಮುಂದಾಳಾಗಿದ್ದ ಮೇರಿ ಬಾರ್ಬರ್ ಎಂಬಾಕೆಯು 1920ರಲ್ಲಿ ಗ್ಲಾಸ್ಗೋ ಸಭೆಗೆ ಆರಿಸಿ ಬಂದಳು.

1933ರ ಚುನಾವಣೆಯನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಲೇಬರ್ ಪಕ್ಷದವರಿಗೆ ಆ ನಗರದಲ್ಲಿ ಮೊದಲ ಬಾರಿಗೆ ಬಹುಮತ ಬಂದುದು ಆಗ. ಅದೇ ವರ್ಷ ಪ್ರಾಟೆಸ್ಟೆಂಟ್ ಲೀಗ್ ಎಂಬ ಒಂದು ಮತೀಯ ಪಕ್ಷವು ಹತ್ತಿರಹತ್ತಿರ ನಾಲ್ಕರಲ್ಲೊಂದು ಭಾಗದಷ್ಟು ಮತಗಳನ್ನು ಸೆಳೆದುಕೊಂಡಿತು. ಅದಕ್ಕೆ ದೊರೆತ ಸ್ಥಾನಗಳು ನಾಲ್ಕೇ. ಆದರೆ ಅದು ಸೆಳೆದ ಮತಗಳಲ್ಲಿ ಬಹುಭಾಗವು ಲೇಬರಿನ ವಿರೋಧಿಗಳದಾಗಿದ್ದುದರಿಂದ ವಿರೋಧಿಗಳ ಬಲವು ಸೀಳಿ ಲೇಬರ್ ಪಕ್ಷಕ್ಕೆ ದಾರಿಯಾಯಿತು. ಒಂದು ವಾರ್ಡಿನಲ್ಲಿ ಯಾರಿಗೆ ಎಲ್ಲರಿಗಿಂತ ಹೆಚ್ಚು ಮತಗಳೋ ಅವನೇ ಗೆದ್ದವನು, ಅರ್ಧಕ್ಕಿಂತ ಕಡಮೆಯಾದರೂ ಚಿಂತೆಯಿಲ್ಲ ಎಂಬ ವಿಧಿಯಿರುವಲ್ಲಿ ಹೀಗಾಗುವುದುಂಟು.

ಅದೇ ವಿಧಿಯು 2003ರಲ್ಲಿ ತನ್ನ ಪರಾಕಾಷ್ಠೆಯನ್ನು ಮುಟ್ಟಿತು. ನಗರವು 79 ವಾರ್ಡುಗಳಾಗಿ ಒಡೆದಿತ್ತು, ವಾರ್ಡಿಗೊಬ್ಬ ಸದಸ್ಯ. ಲೇಬರ್ ಪಕ್ಷಕ್ಕೆ ಬಂದ ಮತಗಳು ನೂರಕ್ಕೆ 48ಕ್ಕಿಂತ ತುಸು ಕಡಮೆ. ಸ್ಥಾನಗಳೋ ನೂರಕ್ಕೆ 90ರ ಲೆಕ್ಕ! ಸ್ಕಾಟಿಷ್ ನ್ಯಾಷನಲ್ ಪಕ್ಷಕ್ಕೆ ಐದರಲ್ಲೊಂದು ಪಾಲು ಮತಗಳಿದ್ದು ಮೂರು ಸ್ಥಾನಗಳು ಬಂದುವು. ಇದರಲ್ಲಿ ಮೋಸವೇನೂ ಇಲ್ಲ. ಆ ಪಕ್ಷದ ಮತಗಳು ನಗರದಲ್ಲೆಲ್ಲ ತೆಳುವಾಗಿ ಹರಡಿದ್ದುವು. ಎಲ್ಲೆಲ್ಲಿಯೂ ಎರಡನೆಯ ಸ್ಥಾನ, ಅಲ್ಲಲ್ಲಿ ಮಾತ್ರ ಮೊದಲನೆಯದು. ಎರಡನೆಯವನಿಗೆ ಆ ವಿಧಿಯು ಏನನ್ನೂ ಕೊಡುವುದಿಲ್ಲ.

ಈ ಅಸಮತೆಯನ್ನು ಕಂಡೇ ಕರ್ಲಿ ಎಂಬವರ ಅಧ್ಯಕ್ಷತೆಯ ಸಮಿತಿಯು 2000ದಲ್ಲಿ ಬೇರೊಂದು ಕ್ರಮವನ್ನು ಶಿಫಾರಸು ಮಾಡಿದ್ದಿತು. 2003ರ ತರುವಾಯ ಲೇಬರ್ ಮತ್ತು ಲಿಬರಲ್ ಡೆಮೊಕ್ರಾಟ್ ಪಕ್ಷಗಳು ಕೂಡಿ ಸ್ಕಾಟ್ಲೆಂಡಿನ ಸರಕಾರವನ್ನು ರಚಿಸಿದಾಗ ಎರಡನೆಯ ಪಕ್ಷದವರು ಇದಕ್ಕಾಗಿ ಹಟ ಹಿಡಿದರು, 2004ರಲ್ಲಿ ಶಾಸನವಾಯಿತು. ಇದನ್ನು ಆ ದೇಶಕ್ಕೆ ಹೊಚ್ಚ ಹೊಸದೆಂದು ವರ್ಣಿಸುವವರುಂಟು, ಅದು ಸರಿಯಲ್ಲ. 1918ರ ಶಿಕ್ಷಣಶಾಸನದ ಮೇರೆಗೆ ಏರ್ಪಟ್ಟ ವಿದ್ಯಾಮಂಡಲಿಗಳನ್ನು 1919ರಿಂದ 1928ರ ವರೆಗೆ ನಾಲ್ಕು ಸಲ ಇದೇ ಬಗೆಯ ಕ್ರಮದಿಂದಲೇ ಆರಿಸಿದ್ದರು. ಮಂಡಲಿಗಳು ರದ್ದಾದೊಡನೆ ಕ್ರಮವೂ ಮರೆತುಹೋಯಿತು.

ಕ್ರಮದ ಸ್ವರೂಪವು ಹೀಗೆ. ಒಂದು ವಾರ್ಡಿಗೆ ಮೂವರು ಅಥವಾ ನಾಲ್ವರು ಸದಸ್ಯರು. ಮತದಾರನು ತನಗೆ ಇಷ್ಟರಾದವರನ್ನು 1, 2, 3 ಎಂದು ಅನುಕ್ರಮವಾಗಿ ಗುರುತಿಸುತ್ತಾನೆ. ಕ್ರಮಬದ್ಧವಾದ ಮತಗಳು 8,000, ಸ್ಥಾನಗಳು ಮೂರು ಎಂದಿಟ್ಟುಕೊಳ್ಳೋಣ. ಸ್ಥಾನಗಳ ಸಂಖ್ಯೆಗೆ ಒಂದನ್ನು ಕೂಡಿಸಿ, ಬಂದ ನಾಲ್ಕರಿಂದ 8,000ವನ್ನು ಭಾಗಿಸಿ, ಲಬ್ಧಕ್ಕೆ ಒಂದನ್ನು ಸೇರಿಸಿದರೆ 2,001. ಇದು ಗೆಲವಿನ ಮಿತಿ. ಮೂವರು ಇದನ್ನು ಮುಟ್ಟಿದರೆ ಉಳಿಯುವುದು 1,997 ಆದುದರಿಂದ ನಾಲ್ಕನೆಯವನು ಮುಟ್ಟಲಾರನು. ಒಬ್ಬನಿಗೆ 2,501 ಬಂದಿದ್ದರೆ ಮಿಕ್ಕ 500 ವ್ಯರ್ಥವಾಗುವುದಿಲ್ಲ. ಅವನ ಎಲ್ಲ ಮತಪತ್ರಗಳೂ ಒಂದೊಂದು 0.19992ರ ಬೆಲೆಯಿಂದ, ಅವುಗಳಲ್ಲಿ ಮುಂದೆ ಸೂಚಿಸಿರುವವರಿಗೆ ಹೋಗುತ್ತವೆ. ಮಿತಿಯನ್ನು ಯಾರೂ ಮುಟ್ಟದಿದ್ದಲ್ಲಿ ಎಲ್ಲರಿಗಿಂತ ಕೆಳಗಿರುವವನನ್ನು ತೆಗೆದು ಅವನ ಮತಗಳನ್ನು ಮುಂದಿನವರಿಗೆ ಸಲ್ಲಿಸುತ್ತಾರೆ. ಅಂಶವನ್ನು ಐದು ದಶಾಂಶಸ್ಥಾನಗಳಿಗೆ ನಿಲ್ಲಿಸಿ ಶೇಷವನ್ನು ಬಿಡುತ್ತಾರೆ. ಇದನ್ನು ಕೈಯಿಂದ ಎಣಿಸುವುದು ಪ್ರಯಾಸವಾದುದರಿಂದ 2007ರಿಂದ ಯಂತ್ರಗಳೇ ಎಣಿಸುತ್ತಿವೆ.

ಮೀಮಾಂಸೆಯನ್ನೋದಿದವರಿಗೆ ಇದರಲ್ಲಿ ಪರಿಚಯದ ಮುಖವೊಂದು ಕಾಣುವುದು. ಜೈಮಿನಿಯ ಆರನೆಯ ಅಧ್ಯಾಯದಲ್ಲಿ ವಿಧಿಸಿದ ದ್ರವ್ಯವು ಸಿಕ್ಕದಿದ್ದಾಗ ಕರ್ಮವನ್ನು ಕೈಬಿಡದೆ, ವ್ರೀಹಿಗೆ ಬದಲಾಗಿ ನೀವಾರವನ್ನು, ಸೋಮಕ್ಕೆ ಬದಲಾಗಿ ಪೂತೀಕವನ್ನು ತೆಗೆದುಕೊಳ್ಳುವ ವಿಚಾರವಿದೆ. ಆ ಬದಲು ವಸ್ತುವಿಗೆ ಶಾಸ್ತ್ರದಲ್ಲಿ ಪ್ರತಿನಿಧಿಯೆಂದೇ ಹೆಸರು! ನಾವು ಈಗ ಸಭಾಸದನನ್ನು ಪ್ರತಿನಿಧಿಯೆಂದು ಕರೆಯುತ್ತೇವೆ. ಗ್ಲಾಸ್ಗೋವಿನ ಎರಡನೆಯ ಅಂಕಿಯ ಉಮೇದುವಾರನಿಗೆ ಆ ಪದವು ಎರಡು ಅರ್ಥಗಳಲ್ಲಿಯೂ ಒಪ್ಪುವುದು. ಭೇದವೂ ಉಂಟು: ಅಲ್ಲಿ ಪ್ರತಿನಿಧಿಯನ್ನು ಗೊತ್ತುಮಾಡುವುದು ವಚನ ಅಥವಾ ಸಾದೃಶ್ಯ, ಇಲ್ಲಿ ಮತದಾರನ ಇಚ್ಛೆ. ಯಜಮಾನನಿಗೆ ಮಾತ್ರ ಪ್ರತಿನಿಧಿಯಿಲ್ಲವೆಂದು ಮೀಮಾಂಸಕರ ಸಾಮಾನ್ಯ ನಿಯಮ. ಆ ದೇಶದವರು ಮತದಾರನ ಪರವಾಗಿ ಇನ್ನೊಬ್ಬನು ಮತ ಹಾಕುವುದಕ್ಕೂ ಕಾನೂನಿನಲ್ಲಿ ಎಡೆಗೊಟ್ಟಿದ್ದಾರೆ.

ಈಗ ಮೊದಲಿನ ಸಂಶಯಕ್ಕೆ ಬರೋಣ. 2007ರಲ್ಲಿ ಲೇಬರ್ ಪಕ್ಷಕ್ಕೆ ಬಂದ ಮೊದಲ ಅಂಕಿಯ ಮತಗಳು ನೂರಕ್ಕೆ ಸುಮಾರು 43. ಹಿಂದಿನದಕ್ಕಿಂತ ನಾಲ್ಕೈದು ಮಾತ್ರ ಕಡಮೆ. ಸ್ಥಾನಗಳಲ್ಲಿ ಕಡಮೆಯಾದುದು 26. ನ್ಯಾಷನಲ್ ಪಕ್ಷದ ಮತಗಳು ಐದರಲ್ಲೊಂದರಿಂದ ನಾಲ್ಕರಲ್ಲೊಂದಕ್ಕೆ ಏರಿದುವು. ಸ್ಥಾನಗಳು 3ರಿಂದ 22ಕ್ಕೆ. ಇಂತಹ ಏರಿಳಿತವು ಜನರ ಮನಸ್ಸಿನಿಂದ ಬಂದುದಲ್ಲ, ಬಹುಮಟ್ಟಿಗೆ ವಿಧಿಯಿಂದ ಬಂದುದು. 2012ರ ಪಟ್ಟಿಯಿಂದ ಇದು ಇನ್ನೂ ದೃಢವಾಗುತ್ತದೆ: ಲೇಬರ್ ಪಕ್ಷದ ಮತಗಳು ನೂರಕ್ಕೆ ಸುಮಾರು 47ಕ್ಕೆ ಏರಿದರೂ ಸ್ಥಾನಗಳು 44, ಎಂದರೆ ಒಂದು ಕಡಮೆ. ಎರಡು ವಿಧಿಗಳಲ್ಲಿ ಜನರು ಒಂದೇ ರೀತಿಯಿಂದ ಮತ ಕೊಡುವರೆಂದು ಹೇಗೆ ನಂಬುವುದೆಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪವು ನ್ಯಾಯವಾದುದೇ, ಹಳೆಯ ಒಂದು ಗುರುತೂ ಹೊಸ ಮೊದಲಂಕಿಯೂ ಪೂರ್ತಿ ಸಮಾನವಲ್ಲ. ಆದರೆ 26 ಸ್ಥಾನಗಳ ಅಂತರವನ್ನು ತುಂಬಲು ಆ ಭೇದವು ಸಾಲದು.

ಜನರ ಮನಸ್ಸು ನಿಜವಾಗಿ ತಿರುಗಿದುದು 2017ರಲ್ಲಿ. ವಿಧಿಯು ಅದೇ; 85 ಸ್ಥಾನಗಳಲ್ಲಿ ನ್ಯಾಷನಲ್ ಪಕ್ಷಕ್ಕೆ 39, ಲೇಬರಿಗೆ 31, ಕನ್ಸರ್ವೇಟಿವರಿಗೆ 8, ಹಸಿರು ಪಕ್ಷಕ್ಕೆ 7. ಲೇಬರಿನ ಮೊದಲಂಕಿಯ ಮತಗಳು ಈ ಸಲ ನೂರಕ್ಕೆ 30ರ ಸಮೀಪಕ್ಕಿಳಿದಿದ್ದುವು. 1980ರಿಂದ ಕೈಬಿಡದಿದ್ದ ಅಧಿಕಾರವು ಆಗ ಹೋಯಿತು. 2022ರಲ್ಲಿ ಕ್ರಮವಾಗಿ 37, 36, 2, 10. ಬಹುಮತಕ್ಕೆ 43 ಬೇಕಾದುದರಿಂದ ಎರಡು ಸಲವೂ ಯಾವ ಪಕ್ಷಕ್ಕೂ ಅದು ಸಿಕ್ಕಲಿಲ್ಲ.

ಹೊಸ ವಿಧಿಗೂ ಒಂದು ದೋಷವುಂಟು. ಅಕ್ಷರಗಳನ್ನೇ ಉಪಜೀವಿಸುವ ನನ್ನಂತಹವನಿಗೆ ಅದು ವಿನೋದವಾಗಿಯೂ ತೋರುವುದು. ಮತಪತ್ರದಲ್ಲಿ ಉಮೇದುವಾರರನ್ನು ಮನೆತನದ ಹೆಸರಿನ ಅಕ್ಷರಕ್ರಮದಲ್ಲಿ ಅಚ್ಚುಮಾಡುತ್ತಾರೆ. ಒಂದೇ ಪಕ್ಷದ ಇಬ್ಬರು ನಿಂತಲ್ಲಿ, ಮೇಲೆ ಬರುವ ಹೆಸರಿನವನಿಗೆ 1 ಎಂದೂ ಕೆಳಗಿನವನಿಗೆ 2 ಎಂದೂ ಬರೆಯುವವರು ಹೆಚ್ಚೆಂದು ಅಲ್ಲಿನ ವಿದ್ವಾಂಸರು ಪಟ್ಟಿಗಳನ್ನು ಶೋಧಿಸಿ ತೋರಿಸಿದ್ದಾರೆ. ಆದ್ದರಿಂದ ಎರಡನೆಯವನು ಮೊದಲಂಕಿಗಳ ಕೊರತೆಯಿಂದ ಬೇಗ ಹೊರಬೀಳುವ ಭಯವಿದೆ. ತಂದೆಯಿಂದ ಬಂದ ಹೆಸರಿನ ಮೊದಲಕ್ಷರವು ಸಭಾಸ್ಥಾನಕ್ಕೆ ಸಾಧಕವೋ ಬಾಧಕವೋ ಆಗುವುದು 1469ರ ಶಾಸನಕರ್ತರಿಗೂ ಹೊಳೆದಿರಲಾರದು.

ಶಿಷ್ಯರಿಗೆ ಉತ್ತರವನ್ನು ಬರೆಯಲು ಪಟ್ಟಿಗಳೇ ಸಾಕಾದುವು. ಎಣಿಕೆಯ ಒಂದೊಂದು ಹಂತವನ್ನೂ ಅಲ್ಲಿನವರು ಪ್ರಕಟಿಸುತ್ತಾರೆ. ಅವರ ಮೊದಲಂಕಿಯ ಉಮೇದುವಾರನು ಐದನೆಯ ಹಂತದಲ್ಲಿ ಹೊರಬಿದ್ದಿದ್ದನು. ಎರಡನೆಯವಳು ಅಷ್ಟರೊಳಗೆ ಮಿತಿಯನ್ನು ಮುಟ್ಟಿ ಗೆದ್ದಿದ್ದುದರಿಂದ ಆಕೆಗೆ ಮತ್ತೆ ಸೇರುವಂತಿರಲಿಲ್ಲ. ಮತವು ಪೂರ್ಣ ಬೆಲೆಯಿಂದಲೇ ಮೂರನೆಯವನಿಗೆ ಸಂದಿತು. ಅವನು ಮಿತಿಯನ್ನು ಮುಟ್ಟದೆಯೇ, ಉಳಿದವರಲ್ಲಿ ಕಡೆಯವನಾಗಿ ಆಯ್ಕೆಯಾಗಿದ್ದಾನೆ. ಮೂರನೆಯ ಹೆಸರನ್ನು ತಾವು ಹೆಚ್ಚು ಯೋಚಿಸದೆ ಗುರುತಿಸಿದುದಾಗಿ ಶಿಷ್ಯರು ಮರುಪತ್ರದಲ್ಲಿ ಒಪ್ಪಿಕೊಂಡಿದ್ದಾರೆ.